ಪೇಂಟ್ ಅಂಗಡಿಯ ಕಂಪ್ಯೂಟರ್ ಮ್ಯಾಚಿಂಗ್: ಟಚಪ್‌ಗೆ ಎಷ್ಟು ನಂಬಬಹುದು?

ಮೊಳೆ ಕಿತ್ತ ತೂತು, ಸೋಫಾ ಉಜ್ಜಿದ ಗೆರೆ, ಎಸಿ ಪೈಪ್ ಹಾಕುವಾಗ ಒಡೆದ ಮೂಲೆ. ಇಷ್ಟಕ್ಕೆ ಇಡೀ ಹಾಲ್‌ಗೆ ಪೇಂಟ್ ಹೊಡೆಸಲು ಯಾರಿಗೂ ಮನಸ್ಸು ಬರುವುದಿಲ್ಲ. ಡೀಲರ್ ಅಂಗಡಿಯಲ್ಲಿ ಬಣ್ಣ ಓದುವ ಸ್ಕ್ಯಾನರ್ ಮತ್ತು ಅದಕ್ಕೆ ತಕ್ಕಂತೆ ಬಣ್ಣ ಬೆರೆಸುವ ಟಿಂಟಿಂಗ್ ಮಷಿನ್ ಇಂಥ ಕೆಲಸಕ್ಕೆ ಖಂಡಿತ ಆಗುತ್ತದೆ, ಆದರೆ ನೀವು ಏನನ್ನು ಕೈಯಲ್ಲಿ ಹಿಡಿದು ಹೋಗುತ್ತೀರಿ ಅನ್ನುವುದರ ಮೇಲೆ.

ಹಳೇ ಡಬ್ಬದ ಮುಚ್ಚಳ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಅದರ ಸ್ಟಿಕ್ಕರ್‌ನಲ್ಲಿ ಶೇಡ್ ಕೋಡ್, ಪ್ರಾಡಕ್ಟ್ ಹೆಸರು, ಬೇಸ್ (ಬಣ್ಣ ಬೆರೆಸುವ ಮುಂಚಿನ ಮೂಲ ಪೇಂಟ್) ಇರುತ್ತವೆ. ಮೂರೂ ಬೇಕು. ಒಂದೇ ಕೋಡನ್ನು ಏಷ್ಯನ್ ಪೇಂಟ್ಸ್‌ನ ಟ್ರ್ಯಾಕ್ಟರ್ ಎಮಲ್ಷನ್‌ನಲ್ಲೂ ಮಾಡಿಸಬಹುದು, ರಾಯಲ್ ಲಕ್ಷುರಿಯಲ್ಲೂ ಮಾಡಿಸಬಹುದು. ಮೊದಲನೆಯದು ಮ್ಯಾಟ್, ಎರಡನೆಯದಕ್ಕೆ ಹೊಳಪಿದೆ. ಕೋಡ್ ಸರಿಯಿದ್ದು ಫಿನಿಷ್ ತಪ್ಪಿದರೆ, ಕಿಟಕಿ ಬೆಳಕು ಓರೆಯಾಗಿ ಬಿದ್ದಾಗ ತೇಪೆ ಹಾಕಿದ ಜಾಗ ಎದ್ದು ಕಾಣುತ್ತದೆ. ಟಚಪ್ ಮಟ್ಟಿಗೆ ಮ್ಯಾಟ್ ಗೋಡೆ ಇರುವವರೇ ಪುಣ್ಯವಂತರು.

ಸ್ಟಿಕ್ಕರ್ ಇಲ್ಲದಿದ್ದರೆ ಸ್ಕ್ಯಾನ್. ಮೊಬೈಲ್ ಫೋಟೋ ತೋರಿಸಿ ಬಣ್ಣ ಕೇಳಬೇಡಿ; ಮನೆಯ ಬಲ್ಬಿಗೆ ತಕ್ಕಂತೆ ಕ್ಯಾಮೆರಾ ಬಣ್ಣ ತಿರುಚಿರುತ್ತದೆ. ಗೋಡೆಯ ಚಕ್ಕೆಯನ್ನೇ ಒಯ್ಯಿರಿ. ಹರಿತವಾದ ಬ್ಲೇಡಿನಿಂದ ಒಂದಿಂಚು ಚೌಕ ಗೀರಿ, ಹಿಂದಿನ ಪುಟ್ಟಿ ಸಮೇತ ಮೆಲ್ಲಗೆ ಎಬ್ಬಿಸಿ. ಬರೀ ಪೇಂಟಿನ ಪದರ ಎದ್ದು ಬಂದರೆ ಸುರುಳಿ ಸುತ್ತಿಕೊಳ್ಳುತ್ತದೆ, ಸ್ಕ್ಯಾನರ್ ಅದನ್ನು ಸರಿಯಾಗಿ ಓದುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ ಕೊಡಿ: ಮಷಿನ್‌ಗೆ ಕೊಳೆಯೂ ಬಣ್ಣವೇ. ಕ್ಯಾಲೆಂಡರ್ ಹಿಂದಿನಿಂದಲೋ ಸ್ವಿಚ್‌ಬೋರ್ಡ್ ಪ್ಲೇಟಿನ ಅಡಿಯಿಂದಲೋ ಚಕ್ಕೆ ತೆಗೆಯುವವರಿದ್ದಾರೆ. ಅಲ್ಲಿ ಬಣ್ಣ ಇನ್ನೂ ಮಾಸಿಲ್ಲ, ನಿಮಗೆ ಬೇಕಾದದ್ದು ಮಾಸಿದ ಬಣ್ಣ. ತೇಪೆ ಹಾಕುವ ಜಾಗದ ಪಕ್ಕದ್ದನ್ನೇ ತೆಗೆಯಿರಿ, ಹೇಗೂ ಅಲ್ಲಿ ಪುಟ್ಟಿ ಹಾಕುವುದಿದೆಯಲ್ಲ.

ಇನ್ನು ಮಷಿನ್ನಿನ ಕಡೆಯ ತೊಂದರೆ. ತಿಳಿ ಬಣ್ಣಗಳಿಗೆ ಕಲರೆಂಟ್, ಅಂದರೆ ಬೇಸ್‌ಗೆ ಬೆರೆಸುವ ಗಾಢ ಬಣ್ಣ, ಹನಿಗಳ ಲೆಕ್ಕದಲ್ಲಿ ಬೀಳುತ್ತದೆ. ನಾಝಲ್‌ನಲ್ಲಿ ಕಲರೆಂಟ್ ಒಣಗಿ ಕಟ್ಟಿಕೊಂಡಿದ್ದರೆ ಫಾರ್ಮುಲಾ ಸರಿಯಿದ್ದೂ ಬಣ್ಣ ಬೇರೆ ಬರುತ್ತದೆ. ಡಬ್ಬ ಚಿಕ್ಕದಾದಷ್ಟೂ ಒಂದು ಹನಿಯ ತಪ್ಪು ದೊಡ್ಡದಾಗುತ್ತದೆ, ಹಾಗಾಗಿ ಕ್ರೀಮ್, ಆಫ್‌ವೈಟ್‌ಗಳಿಗೆ 1 ಲೀಟರ್ ಮಾಡಿಸುವುದೇ ವಾಸಿ. 200 ಮಿಲಿ ಸ್ಯಾಂಪಲ್ ಡಬ್ಬ ಬಣ್ಣ ನೋಡುವುದಕ್ಕೆ ಸರಿ, ನಿಮ್ಮ ಗೋಡೆಯ ಫಿನಿಷ್ ಅದರಲ್ಲಿ ಇರಲೇಬೇಕೆಂದಿಲ್ಲ. ಶೇಕರ್‌ನಲ್ಲಿ ಚೆನ್ನಾಗಿ ಅಲ್ಲಾಡಿಸಿದ ಮೇಲೆ ಚಕ್ಕೆಯ ಅಂಚಿಗೆ ಒಂದು ಚುಕ್ಕೆ ಹಚ್ಚಿಸಿ, ಒಣಗಿಸಿ, ಅಂಗಡಿಯ ಹೊರಗೆ ಬಿಸಿಲಿನ ಬೆಳಕಲ್ಲಿ ನೋಡಿ. ಹಸಿ ಎಮಲ್ಷನ್ ಸಾಮಾನ್ಯವಾಗಿ ತಿಳಿಯಾಗಿ ಕಾಣುತ್ತದೆ, ಒಣಗಿದ ಮೇಲೆ ಗಾಢವಾಗುತ್ತದೆ. ಹಸಿ ಇದ್ದಾಗಲೇ 'ಪಕ್ಕಾ ಮ್ಯಾಚ್ ಸಾರ್' ಅಂದರೆ ಒಪ್ಪಿಕೊಂಡು ಎದ್ದು ಬರಬೇಡಿ. ಅಳತೆಗಣ್ಣಿನಿಂದ ಸ್ಟೇನರ್ (ಕೈಯಲ್ಲಿ ಬೆರೆಸುವ ಬಣ್ಣದ ಬಾಟಲಿ) ಬೆರೆಸುವ ಹಳೇ ಪೇಂಟರ್ ಒಮ್ಮೊಮ್ಮೆ ಮಷಿನ್ನಿಗಿಂತ ಹತ್ತಿರ ಬರುತ್ತಾರೆ, ಆದರೆ ಅದೇ ಬಣ್ಣ ಇನ್ನೊಮ್ಮೆ ಬೇಕೆಂದರೆ ಸಿಗದು.

ಬಣ್ಣ ಸರಿಯಾಗಿ ಬಂದರೂ ಹಚ್ಚುವಾಗ ಕೆಡುವುದೇ ಹೆಚ್ಚು. ಪುಟ್ಟಿಯ ಮೇಲೆ ಪ್ರೈಮರ್ ಹಾಕದೆ ಎಮಲ್ಷನ್ ಹಚ್ಚಿದರೆ ಪುಟ್ಟಿ ಪೇಂಟನ್ನು ಕುಡಿದು ಆ ಜಾಗ ಮಂಕಾಗುತ್ತದೆ, ಬೈಗುಳ ಮಾತ್ರ ಅಂಗಡಿಗೆ. ರೋಲರ್ ಹೊಡೆದ ಗೋಡೆಗೆ ಬ್ರಷ್ ಬೇಡ, 4 ಇಂಚಿನ ಮಿನಿ ರೋಲರ್ ಸಾಕು. ಮೊದಲ ಕೋಟ್ ತೇಪೆಯಷ್ಟಕ್ಕೇ. ಎರಡನೆಯದರಲ್ಲಿ ಅಂಚಿಗೆ ಬರುವಷ್ಟರಲ್ಲಿ ರೋಲರ್ ಒಣಗಿದಂತಿರಬೇಕು, ಆಗ ಗೆರೆ ನಿಲ್ಲುವುದಿಲ್ಲ. ಗೋಡೆಗೆ ಹೊಳಪಿದ್ದರೆ ತೇಪೆಯ ಆಸೆ ಬಿಟ್ಟು ಮೂಲೆಯಿಂದ ಮೂಲೆಗೆ ಆ ಒಂದು ಗೋಡೆಯನ್ನೇ ಮುಗಿಸಿ.

ಬಾಗಿಲಿನ ಬಿಳಿ ಎನಾಮಲ್‌ಗೆ ಮಾತ್ರ ಈ ಸೇವೆ ದಂಡ. ಎನಾಮಲ್ ಅಂದರೆ ಆಯಿಲ್ ಪೇಂಟ್, ಅದು ಕಾಲಕ್ರಮೇಣ ಹಳದಿಗೆ ತಿರುಗುತ್ತದೆ, ಬೆಳಕು ಬೀಳದ ಕಡೆ ಇನ್ನೂ ಬೇಗ. ಇವತ್ತಿನ ಹಳದಿಗೆ ಸ್ಕ್ಯಾನ್ ಮಾಡಿಸಿ ಹಚ್ಚಿದ ತೇಪೆ ಮುಂದೆ ತಾನೂ ಹಳದಿಯಾಗಿ ಬೇರೆಯಾಗಿಯೇ ಕಾಣುತ್ತದೆ. ಬಾಗಿಲು ಕಳಚಿ ಇಡೀ ಹಲಗೆಗೆ ಪೇಂಟ್ ಹೊಡೆಸಿ.