ಕಲೆ–ಸಂಗೀತದ ರೇಡಿಯೊ ಸಾಕ್ಷ್ಯಚಿತ್ರಗಳು: ಆರು ವರ್ಷ ಕೇಳಿದ ಮೇಲೆ

ಸರಸ್ವತಿಪುರಂನ ನಮ್ಮ ಮನೆಯಿಂದ ಹೊರಟು ಕುಕ್ಕರಹಳ್ಳಿ ಕೆರೆಯನ್ನು ಒಂದು ಸುತ್ತು ಹಾಕಿ ಬರಲು ನನಗೆ ಒಂದೂಕಾಲು ಗಂಟೆ ಬೇಕಾಗುತ್ತದೆ. ಆರು ವರ್ಷಗಳಿಂದ ಆ ಹೊತ್ತಿನ ಬಹುಪಾಲನ್ನು ಕಲೆ, ಸಂಗೀತ, ಸಾಹಿತ್ಯ ಮತ್ತು ಸಾಂಸ್ಕೃತಿಕ ಇತಿಹಾಸವನ್ನು ಕುರಿತ ರೇಡಿಯೊ ಸಾಕ್ಷ್ಯಚಿತ್ರಗಳಿಗೆ ಕೊಟ್ಟಿದ್ದೇನೆ. ಹೆಚ್ಚಿನವು ಬಿಬಿಸಿಯ ರೇಡಿಯೊ 3 ಮತ್ತು ರೇಡಿಯೊ 4ರವು. ಮನೆಯಲ್ಲಿದ್ದಾಗ ನಮ್ಮದೇ ಮೈಸೂರು ಆಕಾಶವಾಣಿಯ ರೂಪಕಗಳು. ಖರ್ಚು ಮೊಬೈಲ್ ಡೇಟಾದ್ದು ಮಾತ್ರ. ಮಾಹಿತಿ ಪುಸ್ತಕದಲ್ಲೂ ಸಿಗುತ್ತದೆ, ಹೇಳುವವರ ದನಿ ಸಿಗುವುದಿಲ್ಲ. ಆ ದನಿಯನ್ನು ನಂಬಿ ಕಟ್ಟಿದ ಕಾರ್ಯಕ್ರಮ ವರ್ಷಗಟ್ಟಲೆ ನೆನಪಿರುತ್ತದೆ, ನಂಬದೆ ಕಟ್ಟಿದ್ದು ಕೆರೆಯ ಏರಿ ಮುಗಿಯುವುದರೊಳಗೆ ಮರೆತುಹೋಗುತ್ತದೆ.

ಇದಕ್ಕೆ ನಾನು ಮೊದಲು ಕೊಡುವ ಉದಾಹರಣೆ 1958ರದು. ಹಬೆಯ ಕೊಳವೆ ಒಡೆದು ಬ್ರೇಕ್ ಹಿಡಿಯದೆ ಇಳಿಜಾರಿನಲ್ಲಿ ಓಡುತ್ತಿದ್ದ ಗೂಡ್ಸ್ ರೈಲನ್ನು ಬಿಟ್ಟು ಹಾರದೆ, 1957ರಲ್ಲಿ ಪ್ರಾಣ ತೆತ್ತ ಜಾನ್ ಆಕ್ಸನ್ ಎಂಬ ಚಾಲಕನ ಕಥೆಯನ್ನು ಬಿಬಿಸಿ ನಿರ್ಮಾಪಕ ಚಾರ್ಲ್ಸ್ ಪಾರ್ಕರ್, ಜನಪದ ಗಾಯಕರಾದ ಯುವನ್ ಮೆಕಾಲ್ ಮತ್ತು ಪೆಗಿ ಸೀಗರ್ ಹಾಡುಗಳ ನಡುವೆ ಹೆಣೆದರು. ಅದಕ್ಕೂ ಮೊದಲು ಕಾರ್ಮಿಕರ ಮಾತನ್ನು ಬರೆದುಕೊಂಡು ಬಂದು ಸ್ಟುಡಿಯೊದಲ್ಲಿ ನಟರಿಂದ ಹೇಳಿಸುವುದೇ ರೂಢಿಯಾಗಿತ್ತು. ಹೊತ್ತುಕೊಂಡು ಹೋಗಬಹುದಾದ ಟೇಪ್ ರೆಕಾರ್ಡರ್ ಕೈಗೆ ಬಂದಿದ್ದರಿಂದ ಆಕ್ಸನ್‌ನ ಜೊತೆಗಾರರೇ ತಮ್ಮ ದನಿಯಲ್ಲಿ ಮಾತನಾಡಿದರು. ಮಂಡ್ಯ ಕಡೆಯ ಅಜ್ಜಿಯೊಬ್ಬರ ಸೋಬಾನೆ ಪದವನ್ನು ತರಬೇತಾದ ಗಾಯಕಿಯೊಬ್ಬರು ಶ್ರುತಿ ಸರಿಮಾಡಿಕೊಂಡು ಹಾಡಿದರೆ ಏನೇನು ಕಳೆದುಹೋಗುತ್ತದೆಂದು ಬಲ್ಲವರಿಗೆ ಆ ಬದಲಾವಣೆಯ ತೂಕ ತಿಳಿಯುತ್ತದೆ.

ಕೆನಡಾದ ಪಿಯಾನೋ ವಾದಕ ಗ್ಲೆನ್ ಗೂಲ್ಡ್ 1967ರಲ್ಲಿ ತಮ್ಮ ದೇಶದ ಉತ್ತರ ಭಾಗದ ಬಗ್ಗೆ ಮಾಡಿದ ಕಾರ್ಯಕ್ರಮ ಇನ್ನೊಂದು ತೆರನಾದುದು. ಅಲ್ಲಿ ರೈಲಿನ ಸದ್ದಿನ ಮೇಲೆ ಇಬ್ಬರು ಮೂವರು ಒಟ್ಟಿಗೆ ಮಾತನಾಡುತ್ತಾರೆ. ಮೊದಲ ಸಲ ಕೇಳಿದಾಗ ಎರಡು ಕಾರ್ಯಕ್ರಮ ಒಟ್ಟಿಗೆ ಶುರುವಾಗಿದೆಯೆಂದು ಫೋನನ್ನು ಎರಡು ಬಾರಿ ಆರಿಸಿ ಹಚ್ಚಿದೆ! ಆಮೇಲೆ ಅರ್ಥವಾಯಿತು: ದೇವರಾಜ ಮಾರುಕಟ್ಟೆಯಲ್ಲಿ ವೀಳ್ಯದೆಲೆಯವನ ಕೂಗನ್ನೂ ಹೂವಿನವನ ಕೂಗನ್ನೂ ಒಟ್ಟಿಗೆ ಕೇಳಿಸಿಕೊಂಡು ಯಾವುದನ್ನೂ ಕಳೆದುಕೊಳ್ಳದ ಕಿವಿಗೆ ಇದು ಕಷ್ಟವಲ್ಲ.

ಸಂಗೀತದ ಕಾರ್ಯಕ್ರಮಗಳು ಚೆನ್ನಾಗಿರುವುದು ಸಹಜ. ಚಿತ್ರಕಲೆಯನ್ನು ಕಿವಿಯಿಂದ ನೋಡುವುದು ಹೇಗೆಂಬ ಅನುಮಾನ ಮಾತ್ರ ಬಹಳ ದಿನ ಇತ್ತು. ಒಮ್ಮೆ ಜಗನ್ಮೋಹನ ಅರಮನೆಯಲ್ಲಿರುವ, ಎಸ್. ಎಲ್. ಹಳದಣಕರ್ ಜಲವರ್ಣದಲ್ಲಿ ಬರೆದ ದೀಪ ಹಿಡಿದ ಹೆಣ್ಣಿನ ಚಿತ್ರವನ್ನು (ಅದು ರವಿವರ್ಮನದೆಂದು ಈಗಲೂ ವಾದಿಸುವವರು ನಮ್ಮ ಬೀದಿಯಲ್ಲಿದ್ದಾರೆ) ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ಅಮ್ಮನಿಗೆ ವರ್ಣಿಸಲು ಹೋಗಿ ನಾಲ್ಕನೆಯ ವಾಕ್ಯಕ್ಕೇ ತಡವರಿಸಿದೆ. ಬೆರಳ ಸಂದಿನಿಂದ ಸೋರುವ ಬೆಳಕನ್ನು ಮೊದಲು ಹೇಳಬೇಕೋ, ಮುಖವನ್ನೋ? ಚಿತ್ರದ ಎದುರು ನಿಂತು ಅವಸರವಿಲ್ಲದೆ ಮಾತನಾಡುವ ನಿರೂಪಕರ ಕಸುಬಿನ ಬಗ್ಗೆ ಅಂದಿನಿಂದ ನನಗೆ ಗೌರವ ಹೆಚ್ಚಿದೆ. ಸಾಹಿತ್ಯದ ಕಾರ್ಯಕ್ರಮಗಳು ನನ್ನ ಲೆಕ್ಕದಲ್ಲಿ ಮೂರನೆಯ ಸ್ಥಾನದಲ್ಲಿವೆ. ಕವಿಯ ಸಾಲನ್ನು ನಟರು ಭಾವ ತುಂಬಿ ಓದುವಾಗ ಸಾಲಿಗಿಂತ ಭಾವವೇ ಮುಂದೆ ಬರುತ್ತದೆ.

ಕೊರತೆಗಳೂ ಇವೆ. ಮಾತಿನ ಕೆಳಗೆ ಬಿಡದೆ ಹರಿಯುವ ಹಿನ್ನೆಲೆ ಸಂಗೀತ ಈಚೆಗೆ ಈ ಪ್ರಕಾರಕ್ಕೆ ಅಂಟಿದ ರೋಗ. ಸಂಗೀತಗಾರನ ಬಗ್ಗೆಯೇ ಮಾತನಾಡುವಾಗ ಬೇರೆ ಯಾರದೋ ಸಂಗೀತವನ್ನು ಅಡಿಯಲ್ಲಿ ಹಾಸುವುದನ್ನು ಕ್ಷಮಿಸಲಾರೆ. ನಾನು ಬಳಸುವ ಉಚಿತ ಆಪ್, ಇಳಿಸಿಟ್ಟುಕೊಂಡ ಕಂತುಗಳನ್ನು ಹೇಳದೆ ಕೇಳದೆ ಅಳಿಸುತ್ತದೆ. ಆಲಾಪದ ನಡುವೆ ಸಾಲದ ಜಾಹೀರಾತು ನುಗ್ಗಿಸಿದ್ದೂ ಉಂಟು. ಸ್ಕಾಟ್ಲೆಂಡಿನವರ ಉಚ್ಚಾರ ಹಿಡಿಯಲು ವೇಗ ತಗ್ಗಿಸಿದರೆ ಮಾತು ತಿಳಿಯುತ್ತದೆ, ಸಂಗೀತ ಕೆಡುತ್ತದೆ. ಆದ್ದರಿಂದ ಸಹಜ ವೇಗದಲ್ಲಿ ಎರಡು ಸಲ ಕೇಳುವುದೇ ಮೇಲು.

ಕೇಳಬೇಕೆಂದು ನಾನು ಕಾದಿರುವ ಒಂದು ಕಾರ್ಯಕ್ರಮವಿದೆ. ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದ ಜಯಚಾಮರಾಜೇಂದ್ರ ಒಡೆಯರು, ಲಂಡನ್ನಿನಲ್ಲಿ ಅನಾರೋಗ್ಯದಿಂದಿದ್ದ ರಷ್ಯದ ಸಂಗೀತಕಾರ ನಿಕೊಲಾಯ್ ಮೆಟ್ನರ್ ಅವರ ರಚನೆಗಳು ಅವರ ಕೈಯಿಂದಲೇ ಧ್ವನಿಮುದ್ರಣವಾಗುವಂತೆ ಹಣ ಒದಗಿಸಿದರು; ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕನ್ಚರ್ಟೊವನ್ನು (ಪಿಯಾನೋ ಮತ್ತು ವಾದ್ಯವೃಂದಕ್ಕಾಗಿ ಬರೆದ ರಚನೆ) ಒಡೆಯರಿಗೆ ಅರ್ಪಿಸಿದರು. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ, ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದ ಜರ್ಮನ್ ಸಂಗೀತಕಾರ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ಹಾಡುಗಳು ಮೊದಲ ಬಾರಿಗೆ ಸಭೆಯ ಮುಂದೆ ಹಾಡಲ್ಪಟ್ಟಾಗಲೂ ಬೆನ್ನಿಗಿದ್ದದ್ದು ಮೈಸೂರಿನ ಹಣವೇ. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಶುರುಮಾಡಿದ ಊರಿನಲ್ಲಿ, ಈ ಕಥೆಯನ್ನು ಕನ್ನಡದಲ್ಲಿ, ಆ ಧ್ವನಿಮುದ್ರಣಗಳ ಗರಗರ ಸದ್ದಿನ ಸಮೇತ, ಹಿನ್ನೆಲೆ ಸಂಗೀತವಿಲ್ಲದೆ ಯಾರಾದರೂ ಹೇಳಿದರೆ ಕೆರೆಯನ್ನು ಇನ್ನೊಂದು ಸುತ್ತು ಹಾಕಲು ನಾನು ಸಿದ್ಧ.

ಕಾರ್ಯಕ್ರಮಗಳಿಗೆ ಐದರಲ್ಲಿ ನಾಲ್ಕೂವರೆ ಅಂಕ, ಆಪ್‌ಗೆ ಎರಡು.