ಮೂರು ಬೇಸಿಗೆ, ಒಂದು ಮೆಶ್ ಜಾಕೆಟ್ಟು: ಬಿಸ್ಲಲ್ಲಿ ಓಡ್ಸಿ ನೋಡಿದ್ದು

ಪಾಂಡವಪುರದಲ್ಲಿರೋ ನಮ್ಮ ದೊಡ್ಡಪ್ಪ ಬೈಕ್ ಓಡ್ಸೋವಾಗ ಹಾಕೋ ನನ್ನ ಈ ಮೆಶ್ ಜಾಕೆಟ್ನ ಮೊದಲ್ನೇ ಸಲ ನೋಡ್ದಾಗ ಕೇಳಿದ್ದು, "ಏನ್ಲಾ ಮಗ, ಮೀನು ಹಿಡಿಯೋ ಬಲೆ ತೊಟ್ಕೊಂಡು ಬಂದಿದ್ದೀಯಲ್ಲ". ಎಂಟೂವರೆ ಸಾವಿರ ಅಂತ ರೇಟ್ ಹೇಳ್ದೆ. ಆಮೇಲೆ ಮಾತೇ ಆಡ್ಲಿಲ್ಲ, ಎದ್ದು ಹೋಗಿ ದನಕ್ಕೆ ಹುಲ್ಲು ಹಾಕ್ತಾ ನಿಂತ್ಕೊಂಡ್ರು.

ತಗೊಂಡಿದ್ದು 2022ರ ಫೆಬ್ರವರಿಲಿ. ಆಮೇಲೆ ಮೂರು ಪೂರ್ತಿ ಬೇಸಿಗೆ, ಹತ್ತಿರತ್ತಿರ 31 ಸಾವಿರ ಕಿಲೋಮೀಟರ್ ಇದೇ ಜಾಕೆಟ್ನಲ್ಲಿ ಓಡ್ಸಿದೀನಿ. ಕಂಪನಿ ಹೆಸರು ಹಾಕಲ್ಲ, ಯಾಕಂದ್ರೆ ಕೆಳಗೆ ಒಂದೆರಡು ಕಡೆ ಬೈದಿದೀನಿ, ಮತ್ತೆ ಈ ರೇಟಲ್ಲಿ ಸಿಗೋ ಮೆಶ್ ಜಾಕೆಟ್ಗಳೆಲ್ಲ ಹೆಚ್ಚುಕಮ್ಮಿ ಇದೇ ಥರ ಇರ್ತವೆ. ಎದೆ, ಬೆನ್ನು, ತೋಳಿನ ಒಳಭಾಗ ಎಲ್ಲ ಬಲೆ, ಭುಜ ಮತ್ತೆ ಮೊಣಕೈ ಮೇಲೆ ದಪ್ಪ ಬಟ್ಟೆ, ಒಳಗೆ ಪ್ಯಾಡು. ಜೊತೆಗೆ ಒಳಗೆ ಜೋಡಿಸೋ ಎರಡು ಪದರ, ಮಳೆಗೆ ಒಂದು ರೈನ್ ಲೈನರ್, ಚಳಿಗೆ ಒಂದು ಥರ್ಮಲ್ ಲೈನರ್.

ಮೈಸೂರಿಂದ ಮಡಿಕೇರಿಗೋ ಗುಂಡ್ಲುಪೇಟೆಗೋ ಬೆಳಗ್ಗೆ ಹೊತ್ತು ಹೋಗೋರಿಗೆ ಈ ಜಾಕೆಟ್ ಸಾಕೋ ಸಾಕು, ಅದ್ರಲ್ಲಿ ಎರಡು ಮಾತಿಲ್ಲ. ಅರವತ್ತರಲ್ಲಿ ಹೋಗ್ತಿದ್ರೆ ಟೀ ಶರ್ಟಲ್ಲಿ ಹೋದಷ್ಟೇ ಗಾಳಿ ಬರುತ್ತೆ. ಆದ್ರೆ ಗಾಡಿ ನಿಂತ್ರೆ ಮೆಶ್ಶೂ ಒಂದೇ ಕಂಬಳಿನೂ ಒಂದೇ. 2023ರ ಆಗಸ್ಟ್ ಒಂದ್ರಿಂದ ಬೆಂಗಳೂರು ಎಕ್ಸ್‌ಪ್ರೆಸ್‌ವೇ ಮೇಲೆ ಬೈಕಿನವರನ್ನ ಬಿಡಲ್ವಲ್ಲ, ಸರ್ವಿಸ್ ರೋಡು, ಹಳೇ ರೋಡು ಅಂತ ಮಂಡ್ಯ ಮದ್ದೂರು ಊರೊಳಗೆಲ್ಲ ನುಗ್ಗಿ ಹೋಗ್ಬೇಕು, ಹಂಪು, ಸಿಗ್ನಲ್ಲು, ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಇಪ್ಪತ್ತರಲ್ಲಿ ತೆವಳೋದು. ಏಪ್ರಿಲ್ ಮಧ್ಯಾಹ್ನ ಅಲ್ಲಿ ಜಾಕೆಟ್ ಹಾಕ್ಕೊಂಡಿರೋದು ಶಿಕ್ಷೆ. ಮದ್ದೂರಲ್ಲಿ ಎಳನೀರು ಕೊಚ್ಚೋನು ಕೇಳ್ದ, "ಏನಣ್ಣ, ಈ ಬಿಸ್ಲಲ್ಲಿ ಕೋಟ್ ಹಾಕಂಡಿದ್ದೀರಾ, ಮದ್ವೆಗಾ?" ಎರಡು ಎಳನೀರು ಕುಡಿದು ನಕ್ಕೊಂಡು ಬಂದೆ, ಇನ್ನೇನು ಹೇಳ್ಲಿ.

ಈಗ ಬಳ್ಳಾರಿ ವಿಷಯ. ಇದನ್ನ ಬರೀಬೇಕು ಅನ್ಸಿದ್ದೇ ಇದಕ್ಕೆ.

2023 ಏಪ್ರಿಲ್ ಕೊನೇಲಿ ನಾನೂ ನನ್ನ ಫ್ರೆಂಡೂ ಹಂಪಿಗೆ ಹೊರಟ್ವಿ. ಶ್ರೀರಂಗಪಟ್ಟಣದಿಂದ ಪಾಂಡವಪುರ, ನಾಗಮಂಗಲ, ಹುಳಿಯಾರು, ಹಿರಿಯೂರು, ಚಳ್ಳಕೆರೆ, ಬಳ್ಳಾರಿ, ಅದೇ 150ಎ ಹೈವೇ. ನಾಲ್ಕಕ್ಕೆ ಹೊರಡ್ಬೇಕಿತ್ತು, ಅವನ ಚೈನ್ ಟೈಟ್ ಮಾಡ್ಕೊಂಡು ಹೊರಡೋಷ್ಟರಲ್ಲಿ ಏಳಾಯ್ತು. ಅವನದು ಹಳೇ ದಪ್ಪ ಟೆಕ್ಸ್‌ಟೈಲ್ ಜಾಕೆಟ್ಟು, ಬಲೆ ಎಲ್ಲೂ ಇಲ್ಲ, ಗಾಳಿಗೆ ಅಂತ ಎದೆ ಮೇಲೆ ಎರಡು, ತೋಳಲ್ಲಿ ಎರಡು ಜಿಪ್ ಹಾಕಿದ ಕಿಂಡಿ, ಅಂದ್ರೆ ವೆಂಟು, ಅಷ್ಟೇ. ಬೆಳ್ಳೂರು ಕ್ರಾಸಲ್ಲಿ ತಿಂಡಿ ತಿನ್ನೋವಾಗ ಅವನನ್ನ ನಾನು ಆಡ್ಕೊಂಡಿದ್ದೇ ಆಡ್ಕೊಂಡಿದ್ದು.

ಹಿರಿಯೂರು ದಾಟಿದ್ಮೇಲೆ ಲೆಕ್ಕ ಉಲ್ಟಾ ಆಯ್ತು. ಮೊಬೈಲಲ್ಲಿ 40 ಡಿಗ್ರಿ ತೋರಿಸ್ತಿತ್ತು. ನಮ್ಮ ಚರ್ಮದ ಮೇಲಿನ ಬಿಸಿ ಸುಮಾರು 35 ಡಿಗ್ರಿ, ಗಾಳಿ ಅದಕ್ಕಿಂತ ತಣ್ಣಗಿದ್ರೆ ಮೈಯಿಂದ ಬಿಸಿ ಎಳ್ಕೊಂಡು ಹೋಗುತ್ತೆ, ಅದಕ್ಕಿಂತ ಬಿಸಿ ಇದ್ರೆ ಗಾಳಿನೇ ಮೈಗೆ ಬಿಸಿ ತುಂಬುತ್ತೆ. ಆಲೆಮನೇಲಿ ಒಲೆ ಬಾಯಿ ಮುಂದೆ ನಿಂತಿದ್ದೀರಾ ಯಾವತ್ತಾದ್ರೂ? ಎಂಬತ್ತರ ಸ್ಪೀಡಲ್ಲಿ ಆ ಬಿಸಿ ಎದೆಗೆ ಹೊಡೆದ ಹಾಗೆ. ಆಗ ಮೈ ತಣ್ಣಗೆ ಇಡೋದು ಬೆವರು ಆರೋದೊಂದೇ. ಒಂದು ಲೀಟರ್ ಬೆವರು ಮೈಮೇಲೇ ಆರಿದ್ರೆ ಸುಮಾರು 580 ಕಿಲೋಕ್ಯಾಲರಿ ಬಿಸಿ ಹೊತ್ಕೊಂಡು ಹೋಗುತ್ತೆ, ಮಡಕೆ ನೀರು ತಣ್ಣಗಾಗೋದೂ ಇದೇ ಲೆಕ್ಕದಲ್ಲಿ. ಆದ್ರೆ ಮೆಶ್ ಒಳಗೆ ಆ ಪಾಟಿ ಗಾಳಿ ನುಗ್ಗುತ್ತಲ್ಲ, ಬೆವರು ಬಂದಿದ್ದೇ ಗೊತ್ತಾಗಲ್ಲ, ಹಾಗೇ ಹಾರಿಸ್ಕೊಂಡು ಹೋಗುತ್ತೆ, ಮೈ ಎಷ್ಟು ಬೆವರಿದ್ರೂ ಸಾಲಲ್ಲ, ಚರ್ಮ ಒಣಗಿ ಉಪ್ಪು ಉಪ್ಪು.

ಒಂದು ಪೆಟ್ರೋಲ್ ಬಂಕಲ್ಲಿ ಇಬ್ರೂ ಒಳಗಿನ ಟೀ ಶರ್ಟ್ ಬಿಚ್ಚಿ ನಲ್ಲಿ ಕೆಳಗೆ ಅದ್ದಿ ಹಿಂಡಿ ಹಾಕ್ಕೊಂಡ್ವಿ. ಮೊದಲ ಐದು ನಿಮಿಷ ನನಗೆ ಸ್ವರ್ಗ, ಫ್ರಿಜ್ ಒಳಗೆ ಕೂತ ಹಾಗೆ. ಇಪ್ಪತ್ತೈದು ನಿಮಿಷಕ್ಕೆ ಶರ್ಟು ಹಪ್ಪಳ. ಅವನದು ವೆಂಟ್ ಅರ್ಧ ತೆಗೆದು ಬಿಟ್ಟಿದ್ದ, ಒಂದು ಗಂಟೆ ಆದ್ಮೇಲೆ ನಿಲ್ಸಿದಾಗಲೂ ಬೆನ್ನು ಮುಟ್ಟಿ ನೋಡಿದ್ರೆ ತಣ್ಣಗೆ ಒದ್ದೆ. ನನ್ನ ಮುಖ ನೋಡಿ ಏನೂ ಅನ್ಲಿಲ್ಲ, ಪುಣ್ಯಾತ್ಮ.

ಚಳ್ಳಕೆರೆ ಹತ್ರ ನನಗೆ ಯಾಕೋ ಮೈ ಜುಂ ಅಂತು, ಆ ಬಿಸ್ಲಲ್ಲಿ ಚಳಿ ಥರ ಕೂದಲು ನಿಮಿರ್ತು, ಅವನು ಇಂಡಿಕೇಟರ್ ಹಾಕಿ ಎಡಕ್ಕೆ ತಿರುಗಿದ್ದು ನೋಡ್ತಾ ನೋಡ್ತಾನೇ ನಾನು ನೇರ ಹೋಗ್ಬಿಟ್ಟೆ. ಇದು ಬಿಸಿಲು ತಲೆಗೇರೋ ಲಕ್ಷಣ, ಮುಂದೆ ಓಡ್ಸಬಾರದು. ಹುಣಸೆ ಮರದ ಕೆಳಗೆ ಮುಕ್ಕಾಲು ಗಂಟೆ ಮಲಗಿ, ಒಂದು ಲೀಟರ್ ನೀರಿಗೆ ಒಂದು ಪ್ಯಾಕೆಟ್ ಓಆರ್‌ಎಸ್ ಹಾಕಿ ನಿಧಾನಕ್ಕೆ ಕುಡಿದ್ಮೇಲೆ ಸರಿ ಹೋದೆ. ಬರೀ ನೀರು ಲೀಟರ್ಗಟ್ಲೆ ಕುಡೀತಾ ಇದ್ದೆ ಅಲ್ಲಿತನಕ, ಅದೂ ತಪ್ಪು, ಬೆವರಲ್ಲಿ ಉಪ್ಪೂ ಹೋಗಿರುತ್ತೆ. ಈಗ ಬ್ಯಾಗಲ್ಲಿ ನಾಲ್ಕು ಪ್ಯಾಕೆಟ್ ಇದ್ದೇ ಇರುತ್ತೆ, ಇಲ್ಲಾಂದ್ರೆ ಉಪ್ಪು ಹಾಕಿದ ಮಜ್ಜಿಗೆ ಎಲ್ಲಿ ಸಿಕ್ರೂ ಬಿಡಲ್ಲ.

ಮುಂದಿನ ವರ್ಷ ಒಂದು ಕೂಲಿಂಗ್ ವೆಸ್ಟ್ ತಗೊಂಡೆ, 4,200 ಕೊಟ್ಟು. ಬನಿಯನ್ ಥರ, ಒಳಗೆ ನೀರು ಹೀರೋ ಪದರ ಇರುತ್ತೆ, ಬಕೆಟ್ಟಲ್ಲಿ ಎರಡು ಮೂರು ನಿಮಿಷ ನೆನೆಸಿ, ಹಿಂಡಿ, ಜಾಕೆಟ್ ಒಳಗೆ ಹಾಕೋದು. ಬಳ್ಳಾರಿ ಕಡೆ ಒಣ ಬಿಸ್ಲಲ್ಲಿ ಮೆಶ್ ಒಳಗೆ ನನಗೆ ಒಂದೂಕಾಲು ಗಂಟೆ ಬಂತು, ಕಾಟನ್ ಟೀ ಶರ್ಟಿನ ಮೂರರಷ್ಟು. ದುಡ್ಡಿಗೆ ಮೋಸ ಇಲ್ಲ. ಅದೇ ವೆಸ್ಟ್ ಹಾಕ್ಕೊಂಡು ಮೇ ತಿಂಗಳಲ್ಲಿ ಮಡಿಕೇರಿ ಇಳಿದು ಸಂಪಾಜೆ ದಾಟಿ ಮಂಗಳೂರಿಗೆ ಹೋದೆ ನೋಡಿ, ಪುತ್ತೂರು ಬರೋಷ್ಟರಲ್ಲಿ ಜಾಕೆಟ್ ಒಳಗೆ ಇಡ್ಲಿ ಬೇಯ್ತಿತ್ತು. ಗಾಳೀಲೇ ಅಷ್ಟು ತೇವ ಇದ್ರೆ ನೀರು ಆರೋದೆಲ್ಲಿ. ಬಿಚ್ಚಿ ಹಿಂದೆ ಕಟ್ಕೊಂಡೆ. ಕರಾವಳಿಗೆ ಬರೀ ಮೆಶ್ಶೇ ಸರಿ, ವೆಸ್ಟ್ ಮನೇಲಿಡಿ. ವೆಸ್ಟಿಗೆ ದುಡ್ಡು ಹಾಕಕ್ಕಾಗದೇ ಇರೋರು ಕುತ್ತಿಗೆಗೆ ಒಂದು ತೆಳು ಟವಲ್ ಒದ್ದೆ ಮಾಡಿ ಸುತ್ಕೊಳಿ, ತುದಿ ಜಾಕೆಟ್ ಒಳಗೆ ಸೇರ್ಸಿ, ಗಾಳಿಗೆ ಬಿಟ್ಕೊಂಡು ಹೋಗ್ಬೇಡಿ. ನಮ್ಮಪ್ಪ ಎಪ್ಪತ್ತು ಎಂಬತ್ತರ ದಶಕದಲ್ಲಿ ಯೆಜ್ಡಿಲಿ ತಿರುಗ್ತಿದ್ದಿದ್ದು ಹೀಗೇನೇ, ಮೈಸೂರಲ್ಲೇ ತಯಾರಾದ ಗಾಡಿ, ಮೈಸೂರಿನ ಟವಲ್ಲು, ಹೆಲ್ಮೆಟ್ ಮಾತ್ರ ಇರ್ಲಿಲ್ಲ.

ಬಿದ್ದಿದ್ದು ಹೇಳ್ಬೇಕು. ಅದು ಬೇಸಿಗೆ ಅಲ್ಲ, ಜನವರಿ, ಮೇಲುಕೋಟೆ ಕಡೆ ಹಳ್ಳಿ ರೋಡು, ತಿರುವು ಮುಗಿದ ತಕ್ಷಣ ರಸ್ತೆ ಮೇಲೇ ಹುರುಳಿ ಕಣ. ಒಣಗಿದ ಹುರುಳಿ ಸೊಪ್ಪು ಸೋಪು ನೀರಿಗಿಂತ ಜಾರುತ್ತೆ. ನಲವತ್ತರಲ್ಲಿ ಮುಂದಿನ ಚಕ್ರ ಹೋಯ್ತು, ಎಡಗಡೆ ಬಿದ್ದು ನಾಲ್ಕೈದು ಮಾರು ಉಜ್ಜಿಕೊಂಡು ಹೋದೆ. ಒಬ್ರು ಅಜ್ಜಿ ಚೊಂಬಲ್ಲಿ ನೀರು ತಂದು "ಅಯ್ಯೋ ನನ್ ಕಂದ, ನಮ್ದೇ ತಪ್ಪು ಕಣಪ್ಪ" ಅಂತ ಅಳೋಕೆ ಶುರು ಮಾಡಿದ್ರು, ನಾನೇ ಸಮಾಧಾನ ಮಾಡ್ಬೇಕಾಯ್ತು. ಮನೆಗೆ ಬಂದು ನೋಡಿದ್ರೆ ಮುಂಗೈ ಹತ್ರ ಬಲೆ ದಾರ ಕರಗಿ ಒಂದಕ್ಕೊಂದು ಅಂಟಿ ಗಟ್ಟಿಯಾಗಿದೆ, ನಡುವೆ ಒಂದು ರೂಪಾಯಿ ನಾಣ್ಯದಷ್ಟು ತೂತು, ಅದ್ರ ಕೆಳಗೆ ಚರ್ಮ ಸ್ವಲ್ಪ ತರಚಿದೆ. ಎರಡು ಇಂಚು ಮೇಲೆ ಮೊಣಕೈ ಹತ್ರ ದಪ್ಪ ಬಟ್ಟೆ ಬರೀ ಬೆಳ್ಳಗಾಗಿತ್ತು, ಒಳಗೆ ಏನೂ ಇಲ್ಲ. ಮಂಡಿ ಮಾತ್ರ ಹೋಯ್ತು, ಅವತ್ತು ಬರೀ ಜೀನ್ಸ್ ಹಾಕಿದ್ದೆ. ವಾರದೊಳಗೆ ರೈಡಿಂಗ್ ಪ್ಯಾಂಟ್ ಬಂತು.

ಹಾಗಾಗಿ ತಗೊಳ್ಳೋವಾಗ ಒಳಗಿನ ಲೇಬಲ್ ನೋಡಿ. ಇಎನ್ 17092 ಅಂತ ಯುರೋಪಿನ ಗುಣಮಟ್ಟದ ನಂಬರ್ ಇರುತ್ತೆ, ಪಕ್ಕದಲ್ಲಿ ಎಎಎ, ಎಎ, ಎ. ಎಎಎ ಅಂದ್ರೆ ಉಜ್ಜಿದ್ರೆ ಜಾಸ್ತಿ ಹೊತ್ತು ತಡೆಯೋದು, ಎ ಅಂದ್ರೆ ಹಗುರದ್ದು. ನನ್ನದು ಎ. ಇದೇ ಬಲೆ ತೊಂಬತ್ತರ ಸ್ಪೀಡಲ್ಲಿ ಬಿದ್ರೆ ಏನಾಗುತ್ತೆ ಅಂತ ಆ ತೂತು ನೋಡಿದ್ರೇ ಗೊತ್ತಾಗುತ್ತೆ, ಅದಕ್ಕೇ ಎಎ ಸಿಕ್ರೆ ಎರಡು ಸಾವಿರ ಜಾಸ್ತಿ ಕೊಟ್ಟಾದ್ರೂ ಅದನ್ನೇ ತಗೊಳಿ ಅನ್ನೋದು. ಭುಜ, ಮೊಣಕೈ ಪ್ಯಾಡಿಗೆ ಬೇರೆ ನಂಬರು, ಇಎನ್ 1621-1, ಲೆವೆಲ್ ಒಂದಾದ್ರೆ ಏಟು ಬಿದ್ದಾಗ ಒಳಗೆ ದಾಟೋ ಬಲ ಸರಾಸರಿ 35 ಕಿಲೋನ್ಯೂಟನ್ ಮೀರಬಾರದು, ಲೆವೆಲ್ ಎರಡಾದ್ರೆ 20. ನನ್ನ ಜಾಕೆಟ್ಟಿನ ಬೆನ್ನಲ್ಲಿ ಕೊಟ್ಟಿದ್ದು ಚಪ್ಪಲಿ ಅಟ್ಟೆ ಥರ ಬರೀ ಫೋಮು, ಅದನ್ನ ಎಸೆದು ತೂತು ತೂತು ಇರೋ ಲೆವೆಲ್ ಎರಡರದ್ದು ಹಾಕಿಸ್ದೆ, ಬೆನ್ನಿಗೆ ಗಾಳಿನೂ ಸ್ವಲ್ಪ ಆಡುತ್ತೆ. ಇನ್ನೊಂದು, ಮೆಶ್ ಜಾಕೆಟ್ ಹಾಕಿ ಅದ್ರ ಮೇಲೆ ಬ್ಯಾಗ್ ನೇತಾಕ್ಕೊಂಡ್ರೆ ಬೆನ್ನಿನ ಬಲೆ ಇದ್ದೂ ಇಲ್ಲದ ಹಾಗೆ. ನಾನು ಎಲ್ಲ ಹಿಂದಿನ ಸೀಟಿಗೆ ಕಟ್ಟಿದೆ, ನೀರಿನ ಬ್ಲಾಡರ್, ಅಂದ್ರೆ ಪೈಪಲ್ಲಿ ಹೀರೋ ನೀರಿನ ಚೀಲ, ಪೆಟ್ರೋಲ್ ಟ್ಯಾಂಕ್ ಮೇಲಿನ ಬ್ಯಾಗಿಗೆ ಹೋಯ್ತು. ಪೈಪಲ್ಲಿ ನಿಂತಿರೋ ಮೊದಲ ಗುಟುಕು ಕಾಫಿ ಬಿಸಿ ಇರುತ್ತೆ, ಉಗಿದು ಆಮೇಲೆ ಕುಡೀರಿ.

ಬೈಗುಳಕ್ಕೆ ಬರ್ತೀನಿ. ಮುಂದಿನ ಜಿಪ್ಪಿನ ರನ್ನರ್ ಒಂಬತ್ತೇ ತಿಂಗಳಿಗೆ ಮುರೀತು, ಕೊಂಡ ಅಂಗಡಿಯವರು ಜಿಪ್ಪು ವಾರಂಟಿಲಿ ಬರಲ್ಲ ಸರ್ ಅಂದ್ರು, ಮೈಸೂರಲ್ಲಿ ಬ್ಯಾಗ್ ರಿಪೇರಿ ಮಾಡೋರು ಅರವತ್ತು ರೂಪಾಯಿಗೆ ಹಾಕ್ಕೊಟ್ಟಿದ್ದು ಇವತ್ತಿಗೂ ಗಟ್ಟಿ ಇದೆ. ರೈನ್ ಲೈನರ್ ಜಾಕೆಟ್ ಒಳಗೆ ಹಾಕೋ ಥರ ಮಾಡಿದಾರೆ, ಭರಣಿ ಮಳೆ ಸಡನ್ನಾಗಿ ಹುಯ್ದಾಗ ರೋಡ್ ಬದೀಲಿ ಜಾಕೆಟ್ ಬಿಚ್ಚಿ ಲೈನರ್ ಜೋಡಿಸೋಷ್ಟರಲ್ಲಿ ಮಳೆನೇ ನಿಂತಿರುತ್ತೆ, ಮೇಲೆ ಹಾಕೋ ಮಾಮೂಲಿ ರೈನ್‌ಕೋಟೇ ವಾಸಿ. ಬಣ್ಣ ಕಪ್ಪು, ಬಿಸ್ಲಲ್ಲಿ ಗಾಡಿ ಮೇಲೆ ಬಿಟ್ಟು ಊಟಕ್ಕೆ ಹೋಗಿ ಬಂದ್ರೆ ಮೈಗೆ ಮುಟ್ಟಿಸಕ್ಕಾಗಲ್ಲ, ಬೂದಿ ಬಣ್ಣ ತಗೋಬೇಕಿತ್ತು. ವಾಸನೆ ಬಗ್ಗೆ ನಮ್ಮನೆಯವಳನ್ನ ಕೇಳಿ. ಪ್ಯಾಡೆಲ್ಲ ತೆಗೆದು, ಬಕೆಟ್ಟಲ್ಲಿ ಲಿಕ್ವಿಡ್ ಸೋಪ್ ಹಾಕಿ ಕೈಲೇ ಅದ್ದಿ ತೆಗೆದು ನೆರಳಲ್ಲಿ ಒಣಗಿಸ್ತೀನಿ, ಬೇಸಿಗೇಲಿ ಹದಿನೈದು ದಿನಕ್ಕೊಂದ್ಸಲ, ಮೊದಲ ನೀರು ಕೆರೆ ಮಣ್ಣಿನ ಬಣ್ಣ ಬರುತ್ತೆ.

ಸೈಜು ನೋಡೋವಾಗ ಒಳಗೆ ವೆಸ್ಟ್ ಹಾಕ್ಕೊಂಡೇ ನೋಡಿ, ನನಗೆ ಈಗ ಹೊಟ್ಟೆ ಹತ್ರ ಬಿಗಿ, ಅದು ವೆಸ್ಟಿಂದಾನೋ ಮದ್ದೂರು ವಡೆಯಿಂದಾನೋ ಬಿಡಿ. ಮುಂದಿನ ಬೇಸಿಗೆಗೆ ರಾಯಚೂರು ಕಡೆ ಪ್ಲಾನ್ ಇದೆ, ಅದಕ್ಕೆ ಫ್ರೆಂಡಿನ ಆ ದಪ್ಪ ಜಾಕೆಟ್ ಸಾಲ ಕೇಳಿದೀನಿ, ಬೆಳ್ಳೂರು ಕ್ರಾಸಲ್ಲಿ ಎಲ್ಲರ ಮುಂದೆ ಸಾರಿ ಕೇಳಿದ್ರೆ ಕೊಡ್ತಾನಂತೆ. ಥರ್ಮಲ್ ಲೈನರ್ ಇನ್ನೂ ಪ್ಲಾಸ್ಟಿಕ್ ಕವರಲ್ಲೇ ಇದೆ, ಎಲ್ ಸೈಜು, ಒಂದ್ಸಲಾನೂ ಹಾಕಿಲ್ಲ, ಯಾರಿಗಾದ್ರೂ ಬೇಕಿದ್ರೆ ಪುಕ್ಕಟೆ ತಗೊಂಡೋಗಿ.