ಹಳೆ ಸ್ಪೋರ್ಟ್ಸ್ ಕಾರಿನ ತಳದ ತುಕ್ಕು: ರಬ್ಬರ್ ಕೋಟಿಂಗಾ, ಮೇಣವಾ?

ಮೊದಲು ಕಾರನ್ನು ಸ್ಟ್ಯಾಂಡ್ ಮೇಲೆ ಭದ್ರವಾಗಿ ನಿಲ್ಲಿಸಿ, ಸ್ಕ್ರೂಡ್ರೈವರ್ ಹಿಡಿದು ಕೆಳಗೆ ನುಸುಳಿ. ಬಾಗಿಲ ಕೆಳಗಿನ ಸಿಲ್ (ಉದ್ದಕ್ಕೂ ಇರುವ ಟೊಳ್ಳು ಪಟ್ಟಿ), ಜ್ಯಾಕ್ ಕೊಡುವ ಜಾಗ, ಸಸ್ಪೆನ್ಷನ್ ಕೂರುವ ಕಡೆ ಒತ್ತಿ ನೋಡಿ. ತುದಿ ಒಳಗೆ ಹೋಯ್ತಾ? ಹಾಗಾದರೆ ಕೋಟಿಂಗ್ ಮಾತು ಆಮೇಲೆ. ಕೊಳೆತ ತಗಡು ಕತ್ತರಿಸಿ ಹೊಸದನ್ನು ವೆಲ್ಡ್ ಮಾಡಿಸಬೇಕು, ಅಷ್ಟೇ.

ಬರೀ ಮೇಲುತುಕ್ಕಾದರೆ ಆಯ್ಕೆ ಇದೆ. ರಬ್ಬರ್ ಕೋಟಿಂಗ್ ಗಟ್ಟಿ. ಚಕ್ರದಿಂದ ಸಿಡಿಯುವ ಕಲ್ಲನ್ನು ಚೆನ್ನಾಗಿ ತಡೆಯುತ್ತದೆ, ನೋಡಲೂ ನೀಟು. ಆದರೆ ಹಳೆಯದಾದಂತೆ ಬಿರುಕು ಬಿಡಬಹುದು. ಅಲ್ಲಿ ನೀರು ನುಗ್ಗಿ ಕೂತರೆ ಹೊರಗೆ ಕಪ್ಪಗೆ ಹೊಳಪು, ಒಳಗೆ ತಗಡು ಹಪ್ಪಳ! ಮಾರುವವರು ಸುಮ್ನೆ ಇದನ್ನೇ ಬಳಿದು ತುಕ್ಕು ಮುಚ್ಚಿಡುವುದೂ ಉಂಟು.

ಮೇಣದ ಕೋಟಿಂಗ್ ಮೆತ್ತಗೇ ಇರುತ್ತದೆ. ಸಂದಿಗಳಿಗೆ ಹರಿಯುತ್ತದೆ, ಉದ್ದ ನಳಿಗೆ ಹಾಕಿ ಸಿಲ್ ಒಳಗೂ ಸಿಂಪಡಿಸಬಹುದು. ಕೈಗೆಲ್ಲ ಅಂಟು, ಧೂಳೂ ಜಾಸ್ತಿ ಹಿಡಿಯುತ್ತದೆ, ವರ್ಷಕ್ಕೊಮ್ಮೆ ನೋಡಿ ಸವೆದಲ್ಲಿ ಮತ್ತೆ ಹಚ್ಚಬೇಕು. ಆದರೂ ನನ್ನ ಓಟು ಮೇಣಕ್ಕೇ. ಪಾರದರ್ಶಕ ಬಗೆಯದಾದರೆ ಹೊಸ ತುಕ್ಕು ಕಣ್ಣಿಗೇ ಕಾಣುತ್ತದೆ ಅಲ್ವಾ? ಚಕ್ರದ ಕಮಾನಿನೊಳಗೆ ಮಾತ್ರ ರಬ್ಬರ್ ಇರಲಿ.

ಯಾವುದೇ ಹಚ್ಚಿ, ಮೊದಲು ವೈರ್ ಬ್ರಷ್‌ನಿಂದ ಉಜ್ಜಿ, ತೊಳೆದು, ಪೂರ್ತಿ ಒಣಗಿಸಿ. ಸೈಲೆನ್ಸರ್, ಬ್ರೇಕ್ ಡಿಸ್ಕ್ ಮುಚ್ಚಿಡಿ. ಸಿಲ್‌ನಿಂದ ನೀರು ಇಳಿಯುವ ತೂತುಗಳನ್ನು ಮಾತ್ರ ಮುಚ್ಚಬೇಡಿ.